ಹಗಲು ದೀಪದ ಪುಟ್ಟಸ್ವಾಮಿ

ನನ್ನ ತಮ್ಮ ಪುಟ್ಟಸ್ವಾಮಿಯ ಕಣ್ಣಿಗೆ ಕೆಂಪು, ಹಸಿರು ಎರಡೂ ಒಂದೇ ಆಗಿ ಕಾಣುತ್ತಿದ್ದವು. ಅಂಥವರು ಮಾಡಬಹುದಾದ ಕೆಲಸ ಲೋಕದಲ್ಲಿ ಎಷ್ಟೋ ಇವೆ. ಕುದುರೆ ತಿಕ್ಕಬಹುದು, ಸೌದೆ ಒಡೆಯಬಹುದು, ಉಪ್ಪು ಮಾರಬಹುದು. ಅವನು ಅದೆಲ್ಲವನ್ನೂ ಬಿಟ್ಟು ಕಾರುಗಳ ವೈರು ಕಟ್ಟುವ ಕೆಲಸಕ್ಕೇ ಹೋದ. ಕಾರಿನ ಮೀಟರ್ ಬೋರ್ಡಿನ ಹಿಂದೆ ಕೈ ಹಾಕಿದರೆ ಶಾವಿಗೆಯ ಹಾಗೆ ವೈರುಗಳು ಕೈಗೆ ಬರುತ್ತವೆ. ಅವುಗಳಿಗೆ ಬಣ್ಣವೇ ಹೆಸರು, ಬಣ್ಣವೇ ವಿಳಾಸ. ಆ ವಿಳಾಸ ಓದಲು ಬಾರದವನು ನಮ್ಮ ಮೈಸೂರಿನಲ್ಲಿ ಹದಿನೈದು ವರ್ಷ ಟಪಾಲು ಹಂಚಿದ ಹಾಗೆ ಆ ಕೆಲಸ ಮಾಡಿದ. ಹೇಗೆ ಮಾಡಿದ ಎಂಬುದು ನನಗೊಬ್ಬಳಿಗೇ ಗೊತ್ತು.

ಚಿಕ್ಕಂದಿನಲ್ಲಿ ನಮ್ಮ ಹಿತ್ತಿಲಲ್ಲಿ ಒಂದು ಎಲಚಿ ಮರವಿತ್ತು. ಹಣ್ಣು ಕಿತ್ತುಕೊಂಡು ಬಾ ಎಂದರೆ ಪುಟ್ಟಸ್ವಾಮಿ ಜೇಬು ತುಂಬ ಹಸಿರು ಕಾಯಿ ತರುತ್ತಿದ್ದ. "ಕಣ್ಣು ಎಲ್ಲಿಟ್ಟಿದ್ದೆ?" ಎಂದು ಅಪ್ಪ ತಲೆಗೆ ಮೊಟಕುತ್ತಿದ್ದ. ಆಮೇಲಾಮೇಲೆ ಅವನು ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿ ಕೀಳುವುದನ್ನು ಕಲಿತ. ಮೆತ್ತಗಿದ್ದರೆ ಹಣ್ಣು, ಗಟ್ಟಿಯಿದ್ದರೆ ಕಾಯಿ. ಅವನ ಕಣ್ಣಿನಲ್ಲೇ ಏನೋ ಇದೆ ಎಂದು ಮೊದಲು ಕಂಡುಹಿಡಿದವಳು ನಾನು. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡ. ನಾನು ಹೇಳಲಿಲ್ಲ. ಆ ಆಣೆಯನ್ನು ಕೊನೆಯವರೆಗೂ ನಡೆಸಿದೆ. ನಾನು ತಪ್ಪಿದ್ದು ಬೇರೆ ಕಡೆ.

ಅಪ್ಪ ಜಟಕಾ ಹೊಡೆಯುತ್ತಿದ್ದ. ನಜರ್‌ಬಾದಿನ ನಮ್ಮ ಮನೆಗೆ ಅಂಟಿಕೊಂಡೇ ಕುದುರೆ ಲಾಯ. ಅಪ್ಪ ಹೋದ ಮೇಲೆ ಕುದುರೆ ಮಾರಿದೆವು, ಲಾಯ ಉಳಿಯಿತು. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಮದುವೆಯಾದ ಎರಡನೇ ವರ್ಷಕ್ಕೆ ಕುಂಕುಮ ಅಳಿಸಿಕೊಂಡು ತವರಿಗೆ ಬಂದವಳು. ಪುಟ್ಟಸ್ವಾಮಿ ಒಂದು ಮೋಟಾರು ಶೆಡ್ಡಿನಲ್ಲಿ ಕೆಲಸ ಕಲಿತು, ಸ್ವಾತಂತ್ರ್ಯ ಬಂದ ಸ್ವಲ್ಪ ದಿನಕ್ಕೆ ನಮ್ಮ ಲಾಯದಲ್ಲೇ ತನ್ನ ಅಂಗಡಿ ತೆರೆದ. ಕುದುರೆ ನಿಲ್ಲುತ್ತಿದ್ದ ಜಾಗದಲ್ಲಿ ಕಾರು ನಿಲ್ಲತೊಡಗಿದವು. ಎಷ್ಟು ತೊಳೆದರೂ ಆ ಲಾಯದ ವಾಸನೆ ಹೋಗಲಿಲ್ಲ. ಕಾರಿನವರು ಮೂಗು ಮುಚ್ಚಿಕೊಂಡರೆ, "ಇಂಜಿನ್ನಿಗೆ ಇಷ್ಟು ಕುದ್ರೆ ಬಲ ಅಂತ ಯೋಳ್ತೀರಲ್ಲ, ಆ ಕುದ್ರೆಗಳದ್ದೇ ವಾಸ್ನೆ ಕಣ್ರೀ" ಎನ್ನುತ್ತಿದ್ದ.

ಎತ್ತರದ ಬಡಕಲು ಆಳು. ಸದಾ ಕಾರಿನೊಳಗೆ ತಲೆ ತೂರಿಸಿ ತೂರಿಸಿ ಬೆನ್ನು ಕುಡುಗೋಲಿನ ಹಾಗೆ ಬಾಗಿತ್ತು. ಕೊರಳಲ್ಲಿ ತಾಯಿತ ಕಟ್ಟಿಕೊಂಡ ಹಾಗೆ ಒಂದು ಪುಟ್ಟ ಬಲ್ಬು, ಅದಕ್ಕೆ ಎರಡು ವೈರಿನ ಬಾಲ. ಒಂದು ಬಾಲವನ್ನು ಕಾರಿನ ಕಬ್ಬಿಣಕ್ಕೆ ಒತ್ತಿ, ಇನ್ನೊಂದನ್ನು ಅನುಮಾನ ಬಂದ ವೈರಿಗೆ ಮುಟ್ಟಿಸುತ್ತಿದ್ದ. ಕರೆಂಟು ಬರುತ್ತಿದ್ದರೆ ಬಲ್ಬು ಹತ್ತುತ್ತಿತ್ತು. ಅವನ ವಿದ್ಯೆಗೆಲ್ಲ ಅಷ್ಟೇ ಸಾಮಾನು.

ಎಂಜಿನ್ ಬಿಚ್ಚುವುದು, ಚಕ್ರ ಕಳಚುವುದು ಅವನಿಗೆ ಬೇಡ. ಮೀಟರ್ ಬೋರ್ಡಿನ ಮುಳ್ಳುಗಳು, ಅದರ ಪಕ್ಕದಲ್ಲಿ ಹತ್ತಿ ಆರುವ ಎಚ್ಚರಿಕೆ ದೀಪಗಳು, ಇವೇ ಅವನ ಸಂಸಾರ. ಪೆಟ್ರೋಲ್ ಇದ್ದರೂ ಇಲ್ಲವೆನ್ನುವ ಮುಳ್ಳು, ನೀರು ಕುದಿಯುತ್ತಿದ್ದರೂ ತಣ್ಣಗೆ ಕೂತ ಮುಳ್ಳು, ಕಾರಣವಿಲ್ಲದೆ ಕಣ್ಣು ಹೊಡೆಯುವ ಕೆಂಪು ದೀಪ, ಇಂಥವು ಬಂದರೆ ಅವನ ಮುಖ ಅರಳುತ್ತಿತ್ತು. ಡ್ರೈವರುಗಳು ಮುಳ್ಳಿನ ಗಾಜಿಗೆ ಬೆರಳಲ್ಲಿ ಕುಟ್ಟುವುದನ್ನು ಕಂಡರೆ ಮಾತ್ರ ಸಿಟ್ಟು. "ತಲೆಗೆ ಕುಟ್ಟುದ್ರೆ ಬುದ್ಧಿ ಬರೋಂಗಿದ್ರೆ ನಮ್ಮಪ್ಪ ನನ್ನ ಯಾವತ್ತೋ ಮಂತ್ರಿ ಮಾಡ್ಬುಡ್ತಿದ್ದ. ಮುಳ್ಳು ಪಾಪದ್ದು ಕಣ್ರೀ. ಯಾರೋ ಯೋಳ್ಕೊಟ್ಟಿದ್ದ ಅದು ಯೋಳ್ತದೆ."

ಇನ್ನು ಬಣ್ಣದ ವಿಷಯ. ನೀಲಿ, ಹಳದಿ, ಕಪ್ಪು ಅವನಿಗೇ ತಿಳಿಯುತ್ತಿದ್ದವು. ಕೆಂಪು, ಹಸಿರು, ಕಂದು ಬಂದಾಗ ಮಾತ್ರ ಲಾಯದಿಂದ ಕೂಗು ಬರುತ್ತಿತ್ತು: "ಅಕ್ಕಾ, ಒಗ್ಗರಣೆಗೆ ಏನಾಕ್ದೆ?"

ನಾನು ಒಂದು ಲೋಟ ನೀರೋ ಕಾಫಿಯೋ ಹಿಡಿದುಕೊಂಡು ಹೋಗುತ್ತಿದ್ದೆ. ಅವನ ಬೆರಳ ಸಂದಿಯಲ್ಲಿ ಒಂದು ವೈರು ಇರುತ್ತಿತ್ತು. ಅದರ ಮೇಲೆ ಒಂದು ಕಣ್ಣು ಹಾಯಿಸಿ ಉತ್ತರ ಹೇಳುತ್ತಿದ್ದೆ. ಕೆಂಪಾದರೆ ಒಣಮೆಣಸಿನಕಾಯಿ. ಹಸಿರಾದರೆ ಕರಿಬೇವು. ಕಂದಾದರೆ ಜೀರಿಗೆ. ಕಾರಿನವರ ಮುಂದೆ ಮಾನ ಉಳಿಸಿಕೊಳ್ಳಲು ನಾವಿಬ್ಬರೇ ಕೂತು ಮಾಡಿಕೊಂಡ ಏರ್ಪಾಡು ಇದು. ಕಾರಿನವರಿಗೆ ನಮ್ಮ ಮನೆಯ ಮೇಲೆ ಬೇರೆಯೇ ಅಭಿಪ್ರಾಯ. "ಏನಮ್ಮ, ನಿಮ್ಮನೇಲಿ ಬೆಳಿಗ್ಗಿಂದ ಸಾಯಂಕಾಲದ ಗಂಟ ಬರೀ ಒಗ್ಗರಣೆನೇಯಾ? ಅನ್ನ ಯಾವಾಗ ಮಾಡ್ತೀರಿ?" ಎಂದು ಒಬ್ಬರು ಕೇಳಿಯೇ ಬಿಟ್ಟಿದ್ದರು.

ನಾನು ಹೇಳಿದ ಮೇಲೂ ಅವನು ಆ ವೈರಿಗೆ ಬಲ್ಬು ಮುಟ್ಟಿಸದೆ ಬಿಡುತ್ತಿರಲಿಲ್ಲ. ನನಗೆ ರೇಗುತ್ತಿತ್ತು.

"ನನ್ನ ಮೇಲೆ ನಂಬಿಕೆ ಇಲ್ವೇನೋ?"

"ನಂಬಿಕೆ ಅದೆ ಕಣಕ್ಕ. ಒಂದ್ ಮಾತು ಕೇಳ್ದೆ ಓದ್ರೆ ಬಲ್ಬು ಮುನಿಸ್ಕೋತದೆ."

ಕುಂಬಾರಕೊಪ್ಪಲಿನ ಸಿದ್ದಪ್ಪ ಎಂಬುವರು ಮದುವೆಗಳಿಗೆ ಬಾಡಿಗೆ ಹೊಡೆಯುವ ಒಂದು ಹಳೇ ಕಾರು ಇಟ್ಟಿದ್ದರು. ಒಂದು ದಿನ ಆ ಕಾರು ಎತ್ತಿನ ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ನಮ್ಮ ಲಾಯಕ್ಕೆ ಬಂತು. ಸಿದ್ದಪ್ಪ ಸ್ಟಿಯರಿಂಗ್ ಹಿಡಿದು ಒಳಗೆ ಗಂಭೀರವಾಗಿ ಕೂತಿದ್ದರು, ಎತ್ತುಗಳನ್ನು ತಾವೇ ಓಡಿಸುತ್ತಿರುವ ಹಾಗೆ.

"ಪುಟ್ಟಸ್ವಾಮಿ, ನನ್ನ ಗಾಡಿಲಿ ಒಂದು ಮಹಿಮೆ ಅದೆ ಕಣಪ್ಪ," ಎಂದರು. "ಹಾರನ್ ಹೊಡುದ್ರೆ ಪೆಟ್ರೋಲು ಏರ್ತದೆ."

"ಏರ್ತದಾ?"

"ಮುಳ್ಳು ತಳ ಕಚ್ಚಿದ್ದಾಗ ಒಂದ್ ಸಲ ಪೋಂ ಅನ್ಸು, ಅರ್ಧಕ್ಕೆ ಬತ್ತದೆ. ದೀಪನೂ ಹಾಕು, ಪೂರ್ತಿ ತುಂಬ್ತದೆ. ತಿಂಗ್ಳಿಂದ ಅಂಗೇ ಓಡಿಸ್ತಿದ್ದೆ."

"ಮತ್ತೆ ಎತ್ತು ಯಾಕೆ ಕಟ್ಟುದ್ರಿ?"

ಸಿದ್ದಪ್ಪ ಮುಖ ಸಣ್ಣದು ಮಾಡಿದರು. "ಮಂಡಕಳ್ಳಿ ಅತ್ರ ನಿಂತೋಯ್ತು. ಮದುವೆ ಗಂಡು ಒಳ್ಗೆ. ನಾನು ಹಾರನ್ ಹೊಡೀತಾನೇ ಇದ್ದೆ, ಮುಳ್ಳು ಏರ್ತಾನೇ ಇತ್ತು, ಗಾಡಿ ಮಾತ್ರ ಕದುಲ್ಲಿಲ್ಲ. ಗಂಡು ಇಳುದು ನಡ್ಕೊಂಡು ಓದ."

ಅದೇ ಬೋರ್ಡಿನಲ್ಲಿ ಒಂದು ದೀಪಕ್ಕೆ ಕಾಗದದ ಚೂರು ಅಂಟಿಸಿತ್ತು. ಏನಿದು ಎಂದರೆ, "ಆ ಕೆಂಪು ದೀಪ ಸುಮ್‌ಸುಮ್ನೆ ಹತ್ತಿ ಕಣ್ಣು ಕುಕ್ತಿತ್ತು, ಮುಚ್ಬುಟ್ಟೆ" ಎಂದರು. ಪುಟ್ಟಸ್ವಾಮಿ ಸೊಂಟಕ್ಕೆ ಕೈಯಿಟ್ಟು ನಿಂತ. "ಮಗ ಅಳ್ತದೆ ಅಂತ ಬಾಯಿಗೆ ಬಟ್ಟೆ ತುರುಕ್ತೀರಾ ಸಿದ್ದಪ್ನೋರೆ?"

ಅವನು ಮುಳ್ಳುಗಳ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಬೋರ್ಡಿನ ಕೆಳಗೆ ಮಲಗಿ, ಎಲ್ಲ ಮುಳ್ಳು ದೀಪಗಳ ಕರೆಂಟು ಕೆಲಸ ಮುಗಿಸಿ ಕಾರಿನ ಕಬ್ಬಿಣಕ್ಕೆ ವಾಪಸಾಗುವ ಒಂದು ಕರಿ ವೈರನ್ನು ಹುಡುಕಿದ. ಅದಕ್ಕೆ ಅರ್ತ್ ಎನ್ನುತ್ತಾರೆ. ಅದರ ಬುಡ ತುಕ್ಕು ಹಿಡಿದು ಸಡಿಲಾಗಿತ್ತು. ವಾಪಸು ಹೋಗಲು ದಾರಿ ಸಿಗದೆ ಹಾರನ್ನಿನ ಕರೆಂಟು, ದೀಪದ ಕರೆಂಟು ಎರಡೂ ಪೆಟ್ರೋಲ್ ಮುಳ್ಳಿಗೆ ನುಗ್ಗುತ್ತಿದ್ದವು. ಉಪ್ಪುಕಾಗದದಲ್ಲಿ ತಿಕ್ಕಿ ನಟ್ಟು ಬಿಗಿ ಮಾಡಿದ. ಮಹಿಮೆ ಮುಗಿಯಿತು. ಆಗ ಅವನು ಹೇಳಿದ ಮಾತನ್ನು ಆಮೇಲೆ ಎಷ್ಟು ಜನಕ್ಕೆ ಹೇಳಿದನೋ ಲೆಕ್ಕವಿಲ್ಲ:

"ಮನೇಲಿ ಒಬ್ಬ ತೂರಾಡುದ್ರೆ ಅವನು ಕುಡ್ದವ್ನೆ ಅಂತ. ಮನೆಮಂದಿ ಎಲ್ಲಾ ತೂರಾಡುದ್ರೆ ಯಾರ್ನೂ ಬಯ್ಬಾರ್ದು. ನೆಲ ನೋಡ್ಬೇಕು."

ಮದುವೆ ಮಾಡಲು ನಾನು ಪ್ರಯತ್ನ ಪಡಲಿಲ್ಲ ಎಂದು ಯಾರೂ ಅನ್ನುವ ಹಾಗಿಲ್ಲ. ಒಂದು ಕಡೆ ಹೆಣ್ಣು ನೋಡಲು ಹೋದೆವು. ಅಕ್ಕ ತಂಗಿ ಇಬ್ಬರೂ ತಟ್ಟೆ ಹಿಡಿದು ಬಂದರು. "ಹಸಿರು ಸೀರೆಯವಳೇ ಹುಡುಗಿ" ಎಂದು ಅವರ ಸೋದರಮಾವ ಮೆಲ್ಲಗೆ ಪುಟ್ಟನ ಕಿವಿಯಲ್ಲಿ ಹೇಳಿದ್ದಾರೆ. ನನಗದು ಕೇಳಿಸಲಿಲ್ಲ. ಕೇಳಿಸಿದ್ದರೆ ಕರಿಬೇವಿನ ಕಡೆ ಕಣ್ಣು ತೋರಿಸುತ್ತಿದ್ದೆ. ಇವನು ಅರ್ಧ ಗಂಟೆ ಕೆಂಪು ಸೀರೆಯವಳನ್ನೇ ನೋಡಿ ನಾಚಿಕೊಂಡ. ಅವಳ ಗಂಡ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ. ಹೊರಗೆ ಬಂದ ಮೇಲೆ ಪುಟ್ಟ ನನ್ನನ್ನು ಕೇಳಿದ: "ಹುಡ್ಗಿ ಏನೋ ಚೆನ್ನಾಗವ್ಳೆ. ಆ ಕಂಬದ ಅತ್ರ ಕೂತಿದ್ದೋನು ಯಾಕಕ್ಕ ನನ್ನ ಅಂಗೆ ನೋಡ್ತಿದ್ದ?" ಆ ಸಂಬಂಧ ಅಲ್ಲಿಗೇ ನಿಂತಿತು. ಅವನು ಮತ್ತೆ ಯಾವ ಹೆಣ್ಣನ್ನೂ ನೋಡಲು ಬರಲಿಲ್ಲ. ನಾನು ಬೈದೆ, ಕಣ್ಣೀರು ಹಾಕಿದೆ. ನಿಜ ಹೇಳಬೇಕೆಂದರೆ ಒಳಗೊಳಗೆ ನೆಮ್ಮದಿಯೂ ಆಯಿತು. ಮನೆಯಲ್ಲಿ ಒಗ್ಗರಣೆ ಹಾಕುವವಳು ನಾನೊಬ್ಬಳೇ ಉಳಿದೆ.

ಹೀಗಿರುವಾಗ ಊಟಿಯಿಂದ ಬಸವಣ್ಣಪ್ಪ ಎಂಬ ಸಾಹುಕಾರರು ಬಂದರು. ಬೆಟ್ಟದ ಮೇಲೆ ಅವರ ಟ್ಯಾಕ್ಸಿಗಳು ಸಾಲಾಗಿ ಓಡುತ್ತಿದ್ದವು. ಘಾಟಿ ಹತ್ತುವಾಗ ಬಿಸಿ ತೋರಿಸುವ ಮುಳ್ಳು ಸುಳ್ಳು ಹೇಳಿದರೆ ಎಂಜಿನ್ನೇ ಹೋಗುತ್ತದೆ. ಅದಕ್ಕೆ ಅವರಿಗೆ ಮುಳ್ಳು ಬಲ್ಲವನೊಬ್ಬ ಬೇಕಿತ್ತು. ಪುಟ್ಟನಿಗೆ ದೊಡ್ಡ ವರ್ಕ್‌ಶಾಪು, ಕೈಕೆಳಗೆ ಆಳುಗಳು, ಇರಲು ಒಂದು ಕೋಣೆ. "ಒಬ್ಬನಿಗೆ ಮಾತ್ರ ಜಾಗ" ಎಂದಿದ್ದರು. ಮುಂದಿನ ವಾರ ಒಂದು ಕಾರು ತರುತ್ತೇನೆ, ಅದನ್ನು ಸರಿ ಮಾಡಿ ತೋರಿಸಿದರೆ ಅದೇ ಕಾರಿನಲ್ಲಿ ಹೊರಡಬಹುದು ಎಂದು ಹೇಳಿ ಹೋದರು.

ಪುಟ್ಟಸ್ವಾಮಿಯನ್ನು ಹಿಡಿಯುವವರೇ ಇರಲಿಲ್ಲ. "ಒಂದೆರಡು ವರ್ಷ ಕಣಕ್ಕ, ಆಮೇಲೆ ಮನೆ ಮಾಡಿ ನಿನ್ನೂ ಕರ್ಸ್ಕೋತೀನಿ" ಎಂದ.

"ಅಲ್ಲಿ ನಿಂಗೆ ಬಣ್ಣ ಹೇಳೋರು ಯಾರೋ?" ಎಂದೆ.

ಅವನು ನಕ್ಕು ಲಾಯಕ್ಕೆ ಹೋದ. ಆ ವಾರ ನಾನು ಅಡುಗೆಮನೆಯಲ್ಲಿ ಕಿವಿಗೊಟ್ಟು ಕೂತೇ ಇದ್ದೆ. ಲಾಯಕ್ಕೆ ಕಾರು ಬರುತ್ತಿದ್ದವು, ಹೋಗುತ್ತಿದ್ದವು. ಒಂದು ಸಲವೂ ಕೂಗು ಬರಲಿಲ್ಲ. ಹೋಗಿ ನೋಡಿದರೆ ಅವನು ಪ್ರತಿ ವೈರನ್ನೂ ಬಿಚ್ಚುವ ಮೊದಲೇ ಬಲ್ಬು ಮುಟ್ಟಿಸಿ, ನೂಲಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದ. ಇದಕ್ಕೆ ಒಂದು ಗಂಟು, ಅದಕ್ಕೆ ಎರಡು. ನನ್ನ ಒಣಮೆಣಸಿನಕಾಯಿ, ಕರಿಬೇವು ಇಲ್ಲದೆಯೂ ಕೆಲಸ ನಡೆಯುತ್ತಿತ್ತು. ಬಹುಶಃ ಮೊದಲಿಂದಲೂ ನಡೆಯುತ್ತಿತ್ತು. ನನಗೆ ಒಂದು ಕೆಲಸ ಇರಲಿ ಎಂದು ಅವನು ಕೂಗುತ್ತಿದ್ದನೇನೋ. ಅದು ಹೊಳೆದಾಗ ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆಗೆ ಬೆಂಕಿ ಬಿತ್ತು.

ಸಾಹುಕಾರರು ಉದ್ದ ಮೂತಿಯ ಕಾರಿನಲ್ಲಿ ಡ್ರೈವರ್ ಮಾದನ ಜೊತೆ ಬಂದರು. ಕಾಯಿಲೆ ಸಿದ್ದಪ್ಪನವರ ಕಾರಿನದ್ದೇ. ದೀಪ ಹಾಕಿದರೆ ಸಾಕು, ಮುಳ್ಳುಗಳೆಲ್ಲ ಮೈಮೇಲೆ ದೇವರು ಬಂದ ಹಾಗೆ ಕುಣಿಯುತ್ತಿದ್ದವು. ಪುಟ್ಟ ನೆಲ ನೋಡಿದ, ಅರ್ತ್ ತಿಕ್ಕಿ ಬಿಗಿ ಮಾಡಿದ. ಆ ಜಾಗಕ್ಕೆ ಕೈ ಹೋಗಲು ಎರಡು ವೈರು ಬಿಚ್ಚಬೇಕಾಗಿತ್ತು. ಹಸಿರು ವೈರು ಕೀಲಿ ತಿರುಗಿಸಿದ ಕೂಡಲೇ ಮುಳ್ಳುಗಳಿಗೆ ಕರೆಂಟು ತರುವಂಥದು. ಕೆಂಪು ವೈರು ದೀಪದ ಸ್ವಿಚ್ಚು ಹಾಕಿದಾಗ ಬೋರ್ಡಿನೊಳಗಿನ ಸಣ್ಣ ಬಲ್ಬುಗಳಿಗೆ ತರುವಂಥದು. ಅವೆರಡನ್ನೂ ಅವುಗಳ ಜಾಗಕ್ಕೇ ಮತ್ತೆ ಕಟ್ಟಿದರೆ ಕೆಲಸ ಮುಗಿಯಿತು.

ಆಗ ಕೂಗು ಬಂತು. "ಅಕ್ಕಾ, ಒಗ್ಗರಣೆಗೆ ಏನಾಕ್ದೆ?"

ವಾರದಿಂದ ಕೇಳದ ಕೂಗು. ಹೊರಡುವ ಮುಂಚೆ ಕೊನೆಯದಾಗಿ ಒಂದು ಸಲ ಕರೆದನೋ ಏನೋ. ಕಾಫಿ ಲೋಟ ಹಿಡಿದು ಹೋದೆ. ಅವನ ಬೆರಳ ಸಂದಿಯಲ್ಲಿದ್ದದ್ದು ಕೆಂಪು ವೈರು, ಗುಂಟೂರು ಮೆಣಸಿನಕಾಯಿಯ ಹಾಗೆ ಕೆಂಪು. ಸಾಹುಕಾರರು ಪಕ್ಕದಲ್ಲೇ ನಿಂತಿದ್ದರು. ನಾನು ಪುಟ್ಟನ ಮುಖ ನೋಡಲಿಲ್ಲ.

"ಕರಿಬೇವು" ಎಂದೆ.

ಲೋಟ ಅಲ್ಲೇ ಇಟ್ಟು ಒಳಗೆ ಓಡಿ ಬಂದು ಒಲೆಯ ಮುಂದೆ ಕೂತೆ. ಒಲೆಯಲ್ಲಿ ಬೆಂಕಿಯೇ ಇರಲಿಲ್ಲ.

ಹೊರಗೆ ಮಾತು ಕೇಳಿಸುತ್ತಿತ್ತು. "ದೀಪ ಹಾಕೋ ಮಾದ" ಎಂದರು ಸಾಹುಕಾರರು. ದೀಪ ಹಾಕಿದಾಗ ಮುಳ್ಳುಗಳು ಅಲುಗಾಡದೆ ನಿಂತವಂತೆ. ಬೆಳಿಗ್ಗೆ ತುಂಬಿಸಿದ ಪೆಟ್ರೋಲನ್ನು ಮುಳ್ಳು ಪೂರ್ತಿ ತೋರಿಸಿತಂತೆ. "ಭಲೆ!" ಎಂದರು. ನಂಜನಗೂಡಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುತ್ತೇವೆ, ಅಷ್ಟರಲ್ಲಿ ಗಂಟುಮೂಟೆ ಕಟ್ಟು ಎಂದು ಹೊರಟರು.

ವಾಪಸು ಬಂದಾಗ ಕಾರಿಗಿಂತ ಮೊದಲು ಪೆಟ್ರೋಲಿನ ವಾಸನೆ ಬಂತು. ಮಾದನ ಪಂಚೆ ಸೊಂಟದವರೆಗೂ ಒದ್ದೆ. ಆದದ್ದಿಷ್ಟು. ಹಗಲಲ್ಲಿ ದೀಪ ಯಾಕೆ ಎಂದು ಮಾದ ಆರಿಸಿದ್ದಾನೆ. ಪೆಟ್ರೋಲ್ ಮುಳ್ಳು ದಡಕ್ಕನೆ ತಳಕ್ಕೆ ಬಿದ್ದಿದೆ. ಬೆಳಿಗ್ಗೆ ತುಂಬಿಸಿದ್ದು ಎಲ್ಲಿ ಹೋಯಿತೋ ಕಳ್ಳ ಎಂದು ಸಾಹುಕಾರರು ಮಾದನ ಕಿವಿ ಹಿಡಿದಿದ್ದಾರೆ. ಬಂಕಿಗೆ ಹೋಗಿ ಹಾಕಿಸಿದರೆ, ತುಂಬಿದ ಟ್ಯಾಂಕಿಗೆ ಎಲ್ಲಿ ಹಿಡಿಸುತ್ತದೆ? ಪಕ್ಕದಲ್ಲಿ ನಿಂತಿದ್ದ ಮಾದನಿಗೇ ಅಭಿಷೇಕವಾಗಿದೆ.

"ಏನಯ್ಯಾ ಪುಟ್ಟಸ್ವಾಮಿ," ಎಂದರು ಸಾಹುಕಾರರು. "ಹಗಲೊತ್ತು ದೀಪ ಹಚ್ಕೊಂಡು ಓಡಾಡ್ಬೇಕೇನಯ್ಯಾ ನಾನು? ದೀಪ ಹಾಕುದ್ರೆ ಪೆಟ್ರೋಲು, ತೆಗುದ್ರೆ ಇಲ್ಲ!"

"ನಾನು ಕಳ್ಳ ಅಲ್ಲ ಅಂತ ಯೋಳಣ್ಣೋ," ಎಂದು ಮಾದ ಪಂಚೆ ಹಿಂಡುತ್ತಾ ಗೋಳಾಡಿದ. "ಬೀಡಿ ಹಚ್ಚಂಗೂ ಇಲ್ವಲ್ಲಪ್ಪ ನಾನು ಇವತ್ತು!"

ಪುಟ್ಟ ಬೋರ್ಡಿನ ಕೆಳಗೆ ಕೈ ಹಾಕಿ ಎರಡು ವೈರು ಅದಲು ಬದಲು ಮಾಡಿದ. ಒಂದು ವೀಳ್ಯದೆಲೆ ಮಡಿಸುವಷ್ಟು ಹೊತ್ತಿನ ಕೆಲಸ. "ತಪ್ಪು ನಂದೇ ಬುದ್ಧಿ, ಗ್ಯಾನ ಎಲ್ಲೋ ಇತ್ತು" ಎಂದ.

"ಕೈ ಚೆನ್ನಾಗದೆ ಕಣಯ್ಯ ನಿಂದು. ಆದ್ರೆ ಬೆಟ್ಟದ ದಾರಿಲಿ ಗ್ಯಾನ ಎಲ್ಲೋ ಇರೋರು ನಂಗೆ ಬ್ಯಾಡ."

ಅವರು ಹೋದ ಮೇಲೆ ಪುಟ್ಟ ಕಟ್ಟಿದ ಗಂಟು ಬಿಚ್ಚಿ ಅಂಗಿಗಳನ್ನು ಮತ್ತೆ ಗೂಟಕ್ಕೆ ನೇತು ಹಾಕಿದ. ಊಟಕ್ಕೆ ಕೂತು, "ಊಟಿ ಓದ್ರೆ ಓಯ್ತು, ಊಟ ಬಡ್ಸು" ಎಂದ. ನಾನು ಬಡಿಸಿದೆ. ಸಾರು ಎಲೆಯಾಚೆ ಬಿತ್ತು. ಅವನು ಎಲೆಯನ್ನು ಇತ್ತ ಸರಿಸಿಕೊಂಡು ಉಂಡ. ಮಾರನೆಯ ದಿನದಿಂದ ಕೂಗು ಮತ್ತೆ ಶುರುವಾಯಿತು.

ಈ ಸಂಗತಿ ಮಾದನ ಬಾಯಿಂದ ಟ್ಯಾಕ್ಸಿ ಸ್ಟ್ಯಾಂಡಿಗೆ, ಅಲ್ಲಿಂದ ಊರಿಗೆಲ್ಲ ಹಬ್ಬಿತು. ಜನ ಅವನನ್ನು ಹಗಲು ದೀಪದ ಪುಟ್ಟಸ್ವಾಮಿ ಎಂದೇ ಕರೆಯತೊಡಗಿದರು. ಹೊಸಬರು ಮನೆ ಹುಡುಕಿಕೊಂಡು ಬಂದು ನನ್ನನ್ನೇ ಕೇಳುತ್ತಿದ್ದರು: "ಹಗಲು ದೀಪದೋರ ಮನೆ ಇದೇ ಏನಮ್ಮ?" ಪ್ರತಿಸಲವೂ ಹೌದು ಎನ್ನಬೇಕಾಗುತ್ತಿತ್ತು. ಅವನು ಮಾತ್ರ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದ. ಎಷ್ಟೋ ಸಲ ಹೇಳಿಬಿಡಬೇಕೆಂದು ಲಾಯದ ಬಾಗಿಲವರೆಗೂ ಹೋಗುತ್ತಿದ್ದೆ. ಕಾರಿನ ಕೆಳಗಿಂದ ಅವನ ಎರಡು ಪಾದ ಕಾಣುತ್ತಿದ್ದವು. ಪಾದಗಳಿಗೆ ಹೇಗೆ ಹೇಳುವುದು ಎಂದುಕೊಂಡು ವಾಪಸು ಬರುತ್ತಿದ್ದೆ. ಹೀಗೆ ವರ್ಷಗಳು ಹೋದವು.

ಕಡೆಗೆ ಅವನಿಗೆ ಕಾಮಾಲೆ ಆಯಿತು. ಹಳ್ಳಿ ಮದ್ದು ಆಯಿತು, ಆಸ್ಪತ್ರೆ ಆಯಿತು, ಇಳಿಯಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ತನ್ನ ಅಂಗೈ ನೋಡಿಕೊಂಡು, "ಕೊನೆಗೂ ದೇವ್ರು ನಂಗೆ ಕಾಣೋ ಬಣ್ಣನೇ ಕೊಟ್ಟ ಕಣಕ್ಕ. ಹಳದಿ ನಂಗೆ ಚೆನ್ನಾಗಿ ಕಾಣ್ತದೆ" ಎಂದು ನಕ್ಕ. ಅವನು ಮಾತಾಡಿದ ಕೊನೆಯ ಸಂಜೆ ನಾನು ಸೆರಗಿನಲ್ಲಿ ಹಿತ್ತಿಲಿನ ಎಲಚಿಹಣ್ಣು ಕಟ್ಟಿಕೊಂಡು ಹೋಗಿದ್ದೆ. ಪಾದಗಳಿಗೆ ಹೇಳಲಾಗದ್ದನ್ನು ಅವತ್ತು ಮುಖಕ್ಕೆ ಹೇಳಿದೆ.

"ಪುಟ್ಟ, ಊಟಿ ಸಾಹುಕಾರ್ರು ಬಂದಿದ್ರಲ್ಲ, ಅವತ್ತು ಅದು ಕರಿಬೇವಲ್ಲ ಕಣೋ. ಒಣಮೆಣಸಿನಕಾಯಿ."

"ಗೊತ್ತು."

"ಎಂಗೋ ಗೊತ್ತು?"

"ಬಲ್ಬು ಯೋಳ್ತು. ನೀನು ಒಳ್ಗೆ ಓಡೋದ್ಯಲ್ಲ, ಆಗ ಕೀಲಿ ತಿರುಗ್ಸಿ ಮುಟ್ಟಿಸ್ದೆ. ಕರಿಬೇವಾದ್ರೆ ಹತ್ಬೇಕಿತ್ತು. ಹತ್ಲಿಲ್ಲ."

"ಗೊತ್ತಿದ್ದೂ ಅಂಗೇ ಕಟ್ಟುದ್ಯಾ?"

"ಅಷ್ಟು ವರ್ಷ ಒಂದ್ ದಿನಾನೂ ತಪ್ಪು ತೋರುಸ್ದೆ ಇದ್ದ ಮುಳ್ಳು ಅವತ್ತು ತೋರುಸ್ತು. ಮುಳ್ಳಿನ ತಲೆಗೆ ಕುಟ್ತಾರಾ? ನೆಲ ನೋಡ್ದೆ." ನನ್ನ ಕಡೆ ಮಗ್ಗುಲಾದ. "ನಿಂಗೆ ನೆಲ ಅಂತ ಇದ್ದೋನು ನಾನೊಬ್ನೇ ಅಲ್ವಾ. ನಾನೇ ಸಡಿಲ ಆಗ್ಬುಟ್ಟಿದ್ದೆ. ಬಿಗಿ ಮಾಡ್ಕೊಂಡೆ, ಅಷ್ಟೇಯಾ."

ಇಷ್ಟು ವರ್ಷ ತಮ್ಮನಿಗೆ ಮೋಸ ಮಾಡಿದೆ ಎಂದು ಕೊರಗುತ್ತಿದ್ದೆ. ಮೋಸ ಹೋಗದವನಿಗೆ ಏನು ಮಾಡಿದ ಹಾಗಾಯಿತು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಅದಕ್ಕೊಂದು ಹೆಸರಿದ್ದರೆ ಅದರ ಭಾರವಾದರೂ ಗೊತ್ತಾಗುತ್ತಿತ್ತು. ಅಳು ಬಂತು. ಅವನಿಗೆ ನಾನು ಅತ್ತರೆ ಆಗುತ್ತಿರಲಿಲ್ಲ.

"ಸೆರಗಲ್ಲಿ ಏನು ತಂದ್ಯಕ್ಕ?" ಎಂದ.

"ಎಲಚಿಹಣ್ಣು. ನಮ್ಮ ಮರದ್ದೇ."

"ಹಣ್ಣೋ, ಕಾಯೋ?"

"ಎಲ್ಲಾ ಹಣ್ಣೇ ಕಣೋ. ಆರಿಸಿ ಆರಿಸಿ ತಂದಿದ್ದೀನಿ, ಕೆಂಪಗವೆ."

ಅವನು ಒಂದನ್ನು ಎತ್ತಿಕೊಂಡ. ಕಣ್ಣಿನ ಹತ್ತಿರ ತಂದು ನೋಡಿದ. ಆಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಮೆಲ್ಲಗೆ ಒತ್ತಿ ನೋಡಿದ. ನಾನು ಅದನ್ನೇ ನೋಡುತ್ತಿರುವುದು ಕಂಡು ಅವನಿಗೆ ನಗು ತಡೆಯಲಾಗಲಿಲ್ಲ.

"ನಂಬಿಕೆ ಅದೆ ಕಣಕ್ಕ" ಎನ್ನುತ್ತಾ ಇನ್ನೊಂದನ್ನು ಎತ್ತಿಕೊಂಡು ಒತ್ತಿದ.